ಪೈ ಬೂಟ್ ಕಡತಗಳಿಗೆ ಯಾವ ಕಾವಲು: ಮೌಂಟ್ ಆಯ್ಕೆಯೋ, ಓವರ್‌ಲೇಯೋ?

ಡೊಂಬಿವಲಿಯ ನಮ್ಮ ಕನ್ನಡ ವಾಚನಾಲಯದಲ್ಲಿ ಮಕ್ಕಳು ಬಳಸುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಒಂದು ಬೆಳಿಗ್ಗೆ ಶುರುವಾಗಲೇ ಇಲ್ಲ. ಅದರ ಮೆಮೊರಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ, ಶುರುವಾಗುವಾಗ ಓದುವ ಸೂಚನೆಗಳಿರುವ, ಒಂದೇ ಸಾಲಿನಲ್ಲಿರಬೇಕಾದ ಸಿಎಂಡಿಲೈನ್ ಕಡತದ ನಡುವೆ ಯಾರೋ ಎಂಟರ್ ಒತ್ತಿದ್ದರು. ರೂಟ್ ವಿಭಾಗದ (ಕಾರ್ಡಿನಲ್ಲಿ ಮುಖ್ಯ ವ್ಯವಸ್ಥೆ ಇರುವ ಭಾಗ) ವಿಳಾಸ ಎರಡನೆಯ ಸಾಲಿಗೆ ಜಾರಿತ್ತು.

ಈ ಕಡತವಿರುವ ಬೂಟ್ ವಿಭಾಗವು ಫ್ಯಾಟ್32 ಎಂಬ ಕಡತ ವ್ಯವಸ್ಥೆಯಲ್ಲಿದ್ದು, ಅದರಲ್ಲಿ ಲಿನಕ್ಸ್ ಅನುಮತಿಗಳು ಉಳಿಯುವುದಿಲ್ಲವಾದ್ದರಿಂದ ಅನುಮತಿ ಬದಲಿಸುವ ಸಿಎಚ್‌ಮಾಡ್ ಆಜ್ಞೆ ಇಲ್ಲಿ ಕೆಲಸಕ್ಕೆ ಬಾರದು. ವಿಭಾಗಗಳನ್ನು ಹೇಗೆ ಮೌಂಟ್ ಮಾಡಬೇಕು, ಅಂದರೆ ಬಳಕೆಗೆ ಜೋಡಿಸಬೇಕು, ಎಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಯುಮಾಸ್ಕ್ 0077 ಎಂಬ ಆಯ್ಕೆ ಕೊಟ್ಟರೆ ರೂಟ್ ಬಳಕೆದಾರನನ್ನು (ಪೂರ್ಣ ಅಧಿಕಾರದ ಖಾತೆ) ಬಿಟ್ಟು ಬೇರೆ ಯಾರೂ ಆ ಕಡತಗಳನ್ನು ತೆರೆಯಲಾರರು. ಆದರೆ ಮಕ್ಕಳ ಖಾತೆಗೆ ಸುಡೋ ಅಧಿಕಾರವಿದ್ದರೆ, ಅಂದರೆ ರೂಟ್ ಆಗಿ ಆಜ್ಞೆ ಕೊಡಲು ಬಂದರೆ, ಈ ಬೀಗಕ್ಕೆ ಅರ್ಥವಿಲ್ಲ. ಮೊದಲು ಆ ಅಧಿಕಾರವನ್ನು ಕಿತ್ತುಹಾಕಬೇಕು. ಜೊತೆಗೆ ಓದಲು-ಮಾತ್ರ ಎಂದು ಮೌಂಟ್ ಮಾಡಿದರೆ ಕೈತಪ್ಪಿ ಆಗುವ ಹಾನಿಯೂ ತಪ್ಪುತ್ತದೆ, ಆದರೆ ಕರ್ನಲ್ (ಲಿನಕ್ಸ್‌ನ ತಿರುಳು) ನವೀಕರಣಕ್ಕೆ ಮುನ್ನ ಮರೆಯದೆ ವಿಭಾಗವನ್ನು ಬರೆಯಲು ತೆರೆಯಬೇಕು.

ಪೈನ ಸೆಟ್ಟಿಂಗ್ ಸಾಧನವಾದ ರಾಸ್ಪಿ-ಕಾನ್ಫಿಗ್‌ನಲ್ಲಿರುವ ಓವರ್‌ಲೇ ಇನ್ನೂ ಗಟ್ಟಿ: ರೂಟ್ ವಿಭಾಗದ ಬರವಣಿಗೆಯೆಲ್ಲ ಕಾರ್ಡಿಗೆ ಹೋಗದೆ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲೇ ಉಳಿಯುತ್ತದೆ, ಬೂಟ್ ವಿಭಾಗಕ್ಕೂ ಬರಹ-ತಡೆ ಹಾಕಬಹುದು. ಮಳೆಗಾಲದಲ್ಲಿ ಕರೆಂಟು ಹೋದರೂ ಕಾರ್ಡ್ ಕೆಡುವ ಭಯ ಕಡಿಮೆ. ಆದರೆ ಮಗು ಬರೆದ ಪ್ರಬಂಧವೂ ರೀಬೂಟ್‌ನೊಂದಿಗೆ ಅಳಿಸಿಹೋಗುತ್ತದೆ. ಪೆನ್‌ಡ್ರೈವ್ ಕೊಡದೆ ಇದನ್ನು ಹಾಕುವುದು ಮಕ್ಕಳಿಗೆ ಅನ್ಯಾಯ.

ಮಕ್ಕಳು ಕೆಲಸ ಉಳಿಸುವ ಯಂತ್ರಕ್ಕೆ ನಾನು ಮೌಂಟ್ ಆಯ್ಕೆಯನ್ನೇ ಆರಿಸುತ್ತೇನೆ, ಪುಸ್ತಕಪಟ್ಟಿ ತೋರಿಸುವ ಪರದೆಗೆ ಓವರ್‌ಲೇಯನ್ನು. ಕಾರ್ಡನ್ನೇ ಕಿತ್ತು ಬೇರೆ ಕಂಪ್ಯೂಟರಿನಲ್ಲಿ ತಿದ್ದುವವರನ್ನು ಇವೆರಡೂ ತಡೆಯಲಾರವು. ಅದಕ್ಕೆ ಸ್ಕ್ರೂ ಬಿಗಿದ ಪೆಟ್ಟಿಗೆಯೇ ಬೇಕು.