ಧಾರವಾಡದ ಪೋಸ್ಟರ್ ಕಾರ್ಯಾಗಾರ: ದುಡ್ಡಿಗೆ ಮೋಸ ಇಲ್ಲ, ಕಿಟಕಿ ಮಾತ್ರ ತೆಗೆಯಿರಿ

ಮೊದಲೇ ಹೇಳಿಬಿಡುತ್ತೇನೆ, ಹೋಗಬಹುದು. ಶನಿವಾರ, ಭಾನುವಾರ ಎರಡು ದಿನದ ಕಾರ್ಯಾಗಾರ. 1,800 ರೂಪಾಯಿ, ಮಧ್ಯಾಹ್ನದ ಊಟ ಅದರಲ್ಲೇ. ಜಾಗ ಧಾರವಾಡದ ಸಪ್ತಾಪುರದ ಕಡೆ, ಒಂದು ಹಳೆ ಹಂಚಿನ ಮನೆಯ ಹಿತ್ತಲಲ್ಲಿ ಕಟ್ಟಿದ ಸ್ಟುಡಿಯೊ. ಕಲಿಸುವುದು ಸ್ಕ್ರೀನ್ ಪ್ರಿಂಟಿಂಗ್, ಅಂದರೆ ಜಾಲರಿಯ ಮೂಲಕ ಬಣ್ಣ ಒತ್ತಿ ಚಿತ್ರ ಮೂಡಿಸುವುದು. ಆದರೆ ಸುಮ್ನೆ ಟೀ ಶರ್ಟ್ ಮೇಲೆ ಹೂ ಒತ್ತಿಸಿ ಕಳಿಸುವುದಿಲ್ಲ, ಅಮೆರಿಕದ ಚಿಕಾನೊ ಪೋಸ್ಟರ್‌ಗಳನ್ನು ಮುಂದಿಟ್ಟುಕೊಂಡು ನಮ್ಮ ಕೈಯಿಂದ ನಮ್ಮದೇ ಒಂದು ಪೋಸ್ಟರ್ ಮಾಡಿಸುತ್ತಾರೆ. ಬೈಯುವ ವಿಷಯಗಳೂ ಇವೆ, ಅದಕ್ಕೇ ಹೆಸರು ಹಾಕುತ್ತಿಲ್ಲ. ಹುಡುಕುವವರಿಗೆ ಸಿಗುತ್ತದೆ, ನಮ್ಮ ಊರಲ್ಲಿ ಇಂಥವು ಎಷ್ಟಿವೆ ಹೇಳಿ.

ಚಿಕಾನೊ ಅಂದರೆ ಮೆಕ್ಸಿಕೊ ಮೂಲದ ಅಮೆರಿಕನ್ನರು. ಇವರೆಲ್ಲ ವಲಸೆ ಬಂದವರು ಅಂದುಕೊಂಡಿದ್ದರೆ ಅದು ಅರ್ಧ ಸತ್ಯ. ಯುದ್ಧದಲ್ಲಿ ಸೋತ ಮೆಕ್ಸಿಕೊ 1848ರ ಒಪ್ಪಂದದಲ್ಲಿ ಕ್ಯಾಲಿಫೋರ್ನಿಯಾ ಸೇರಿದಂತೆ ದೊಡ್ಡ ಭೂಭಾಗವನ್ನೇ ಬಿಟ್ಟುಕೊಟ್ಟಿತು. ಅಲ್ಲಿದ್ದ ಜನ ಮನೆ ಬಿಟ್ಟು ಕದಲಲಿಲ್ಲ, ದೇಶ ಬದಲಾಯಿತು ಅಷ್ಟೇ. ನಮ್ಮ ಅಜ್ಜಂದಿರೂ 1956ರಲ್ಲಿ ಕೂತಲ್ಲೇ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದವರು. ಆದರೆ ನಮ್ಮದು ಕೇಳಿ ಪಡೆದ ಬದಲಾವಣೆ, ನಮ್ಮ ಭಾಷೆಯವರ ಜೊತೆ ಸೇರುವ ಬದಲಾವಣೆ. ಅವರಿಗೆ ಆದದ್ದು ಉಲ್ಟಾ. ಇಷ್ಟು ತಲೆಯಲ್ಲಿ ಇಟ್ಟುಕೊಂಡರೆ ಆ ಪೋಸ್ಟರ್‌ಗಳಲ್ಲಿ ಅಷ್ಟು ಸಿಟ್ಟು ಯಾಕಿದೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಶನಿವಾರ ಬೆಳಗ್ಗೆ ಪೂರ್ತಿ ಸ್ಲೈಡ್‌ಗಳು. ಹೇಳುವ ಹುಡುಗ ಚೆನ್ನಾಗಿ ಹೇಳುತ್ತಾನೆ, ಓದಿಕೊಂಡಿದ್ದಾನೆ. ಶುರು ಮಾಡಿದ್ದು ಕ್ಯಾಲಿಫೋರ್ನಿಯಾದ ಡೆಲಾನೊ ಅನ್ನುವ ಊರಿಂದ. 1965ರಲ್ಲಿ ಅಲ್ಲಿ ದ್ರಾಕ್ಷಿ ತೋಟದ ಕೂಲಿಗಳ ಮುಷ್ಕರ ಶುರುವಾಯಿತು. ಮೊದಲು ಕೆಲಸ ನಿಲ್ಲಿಸಿದವರು ಫಿಲಿಪಿನೊ ಕಾರ್ಮಿಕರು, ಎಂಟು ದಿನಕ್ಕೆ ಸೆಸಾರ್ ಚಾವೆಸ್ ಮತ್ತು ಡೊಲೊರೆಸ್ ಉಯೆರ್ತಾ ಅವರ ಸಂಘ ಸೇರಿಕೊಂಡಿತು. ದ್ರಾಕ್ಷಿ ಕೊಳ್ಳಬೇಡಿ ಅಂತ ದೇಶದ ತುಂಬ ಕರೆ ಹೋಯಿತು. 1970ಕ್ಕೆ ತೋಟದ ಮಾಲೀಕರು ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ಮುಷ್ಕರದ ನಡುವೆ ಲೂಯಿಸ್ ವಾಲ್ದೆಸ್ ಕೂಲಿಗಳನ್ನೇ ನಟರನ್ನಾಗಿ ಮಾಡಿ ಲಾರಿಯ ಮೇಲೆ ನಾಟಕ ಆಡಿಸಿದರು. ಯಾರು ಮಾಲೀಕ, ಯಾರು ಮುಷ್ಕರ ಮುರಿಯಲು ಬಂದವನು ಅಂತ ಕೊರಳಿಗೆ ಬೋರ್ಡ್ ನೇತುಹಾಕಿಕೊಂಡು ಬರುತ್ತಿದ್ದರು. ಸಣ್ಣಾಟ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದರ ರುಚಿ ಬೇಗ ಹತ್ತುತ್ತದೆ.

ಸಂಘದ ಬಾವುಟದ ಸ್ಲೈಡ್ ಬಂದಾಗ ಒಂದು ಒಳ್ಳೆ ಮಾತು ಬಂತು. ಕೆಂಪು ಬಟ್ಟೆ, ಬಿಳಿ ವೃತ್ತ, ನಡುವೆ ಕಪ್ಪು ಹದ್ದು. ಸೆಸಾರ್ ಅವರ ತಮ್ಮ ರಿಚರ್ಡ್ 1962ರಲ್ಲಿ ಬರೆದದ್ದು. ಅದರ ರೆಕ್ಕೆಯಲ್ಲಿ ಒಂದೇ ಒಂದು ಬಾಗಿದ ಗೆರೆ ಇಲ್ಲ, ಎಲ್ಲ ಮೆಟ್ಟಿಲು ಮೆಟ್ಟಿಲು. ಹಿಂದಿನ ಬೆಂಚಲ್ಲಿ ಕೂತಿದ್ದ ಕಾಕಾ ತಟ್ಟನೆ ಅಂದರು, "ಇದನ್ನ ಯಾರು ಬೇಕಾದ್ರೂ ಕತ್ತರಿ ಹಿಡಿದು ಕತ್ತರಿಸಬಹುದಲ್ಲೋ ತಮ್ಮಾ, ಅಳತಿ ಪಟ್ಟಿ ಇದ್ರ ಸಾಕು." ವಿಷಯವೇ ಅದು. ಹೊಲದಲ್ಲಿ ದುಡಿಯುವವರು ಮನೆಯಲ್ಲೇ ಬರೆದು, ಹೊಲಿದುಕೊಳ್ಳಲಿ ಅಂತಲೇ ಹಾಗೆ ಮಾಡಿದ್ದು.

ಈ ಕಾಕಾನ ಬಗ್ಗೆ ಹೇಳಲೇಬೇಕು. ಇಡೀ ಕಾರ್ಯಾಗಾರದ ಜೀವ ಅವರೇ. ಹುಬ್ಬಳ್ಳಿಯಲ್ಲಿ ವರ್ಷಗಟ್ಟಲೆ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಚುನಾವಣೆ ಬ್ಯಾನರ್ ಒತ್ತಿದವರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಗಿ ಈಗ ಇಲ್ಲಿ ಕೈಯಾರೆ ಕಲಿಸುತ್ತಾರೆ. ಕಲೆ ಗಿಲೆ ಮಾತು ಅವರ ಬಾಯಲ್ಲಿ ಬರುವುದಿಲ್ಲ. ಮರದ ಚೌಕಟ್ಟಿಗೆ ನೈಲಾನ್ ಜಾಲರಿ ಬಿಗಿದು ಬೆರಳಲ್ಲಿ ತಟ್ಟಿ ಸದ್ದು ಕೇಳಿಸುತ್ತಾರೆ, ಬಿಗಿ ಸಾಲದಿದ್ದರೆ ಮತ್ತೆ ಬಿಚ್ಚು ಅನ್ನುತ್ತಾರೆ. ಮಂದ ಬೆಳಕಿನ ಕೋಣೆಯಲ್ಲಿ ಎಮಲ್ಷನ್ ಹಚ್ಚಿ, ಫ್ಯಾನ್ ಕೆಳಗೆ ಒಣಗಿಸಿ, ಬಟರ್ ಪೇಪರ್ ಮೇಲೆ ಕಪ್ಪಾಗಿ ತೆಗೆದ ಚಿತ್ರವನ್ನು ಅದರ ಮೇಲಿಟ್ಟು, ಗಾಜು ಒತ್ತಿ ಟ್ಯೂಬ್‌ಲೈಟ್ ಬೆಳಕಿಗೆ ಹಿಡಿಯುವುದು. ಬೆಳಕು ಬಿದ್ದ ಕಡೆ ಎಮಲ್ಷನ್ ಗಟ್ಟಿಯಾಗುತ್ತದೆ, ಕಪ್ಪು ಗೆರೆಯ ಅಡಿಯಲ್ಲಿದ್ದದ್ದು ಹಸಿಯಾಗೇ ಉಳಿಯುತ್ತದೆ. ಆಮೇಲೆ ನಲ್ಲಿ ನೀರು ಬಿಟ್ಟರೆ ಹಸಿ ಭಾಗ ತೊಳೆದುಹೋಗಿ ಬರಿಯ ಜಾಲರಿಯಲ್ಲಿ ನಿಮ್ಮ ಚಿತ್ರ ಬಿಟ್ಟುಕೊಳ್ಳುತ್ತಾ ಬರುತ್ತದೆ. ಆ ಒಂದು ನಿಮಿಷಕ್ಕೇ ಅರ್ಧ ಫೀಸು ವಸೂಲಾಯಿತು ಅನ್ನಿಸಿತು.

ಸ್ಕ್ವೀಜಿ, ಅಂದರೆ ಬಣ್ಣ ಎಳೆಯುವ ರಬ್ಬರ್ ಪಟ್ಟಿ, ಅದನ್ನು ಹಿಡಿಯುವುದರಲ್ಲಿ ಮಾತ್ರ ಎಲ್ಲರಿಗೂ ಬೈಗುಳ. ಓರೆಯಾಗಿ ಹಿಡಿದು ಒಂದೇ ಸಲ ಎಳೆಯಬೇಕು, ನಡುವೆ ನಿಲ್ಲಿಸಿದರೆ ಅಲ್ಲೊಂದು ಗೀಟು. "ರೊಟ್ಟಿ ಬಡಿಯೋ ಹಂಗ ಅಂಜಬ್ಯಾಡ್ರಿ ಅಕ್ಕಾರ, ಎಳೀರಿ" ಅಂತ ಕಾಕಾ ಒಬ್ಬರಿಗೆ ಹೇಳಿದರು. ಆ ಅಕ್ಕ "ರೊಟ್ಟಿ ಬಡಿಯೋಕ ನಾನ್ಯಾಕ ಅಂಜಲಿ" ಅಂತ ತಿರುಗಿ ಕೊಟ್ಟರು.

ಈಗ ಮೊದಲ ದೂರು. ಶನಿವಾರ ಮಧ್ಯಾಹ್ನ ಎಲ್ಲರಿಗೂ ತಲೆಬುರುಡೆಯ ಚಿತ್ರ ಕೊಟ್ಟು ನಕಲು ಮಾಡಿ ಅಂದರು. ಯಾಕೆ? ಚಿಕಾನೊ ಅಂದ ತಕ್ಷಣ ಬಣ್ಣದ ಬುರುಡೆ, ಹೂ, ಅಷ್ಟೇನಾ? ಆ ಬುರುಡೆಗಳ ಹಿಂದೆ ದೊಡ್ಡ ಕಥೆ ಇದೆ. ಹೊಸೆ ಗ್ವಾಡಲೂಪೆ ಪೊಸಾದಾ ಅನ್ನುವ ಮೆಕ್ಸಿಕೊದ ಮುದ್ರಣ ಕಲಾವಿದ, 1913ರಲ್ಲಿ ತೀರಿಕೊಂಡವರು, ಅಗ್ಗದ ಕಾಗದದ ಮೇಲೆ ಅಸ್ಥಿಪಂಜರಗಳ ಚಿತ್ರ ಒತ್ತಿ ಆಗಿನ ಶ್ರೀಮಂತರನ್ನು, ರಾಜಕಾರಣಿಗಳನ್ನು ಗೇಲಿ ಮಾಡುತ್ತಿದ್ದರು. ಹೂವಿನ ದೊಡ್ಡ ಟೊಪ್ಪಿಗೆ ಹಾಕಿದ ಹೆಣ್ಣು ಅಸ್ಥಿಪಂಜರ ಕತ್ರಿನಾ ಅವರದೇ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಚಿಕಾನೊ ಕಲಾವಿದರು ನವೆಂಬರ್ 1, 2ರ ಸತ್ತವರ ಹಬ್ಬವನ್ನು ಬೀದಿಗೆ ತಂದರು, ಲಾಸ್ ಏಂಜಲೀಸ್‌ನ ಪೂರ್ವ ಭಾಗದ ಸೆಲ್ಫ್ ಹೆಲ್ಪ್ ಗ್ರಾಫಿಕ್ಸ್ ಅನ್ನುವ ಮುದ್ರಣ ಕೇಂದ್ರ ಅದರಲ್ಲಿ ಮುಂದಿತ್ತು. ಅದನ್ನು ಕಟ್ಟಿದವರಲ್ಲಿ ಒಬ್ಬರು ಕ್ರೈಸ್ತ ಸನ್ಯಾಸಿನಿ, ಕ್ಯಾರೆನ್ ಬೊಕ್ಕಲೆರೊ. ಶುರುವಾದದ್ದು ಒಂದು ಗ್ಯಾರೇಜಿನಲ್ಲಿ. ಇದೆಲ್ಲ ಬೆಳಗ್ಗೆ ಅದೇ ಹುಡುಗ ಹೇಳಿದ್ದ. ಮಧ್ಯಾಹ್ನ ಅದನ್ನೆಲ್ಲ ಪಕ್ಕಕ್ಕಿಟ್ಟು ಬುರುಡೆಗೆ ಗುಲಾಬಿ ಬಣ್ಣ ತುಂಬಿಸಿದ. ಬೆಂಗಳೂರಿನ ಕೆಫೆಗೆ ನೇತುಹಾಕೋಕೆ ಚೆನ್ನಾಗಿರುತ್ತದೆ, ಮತ್ತೇನಕ್ಕೂ ಅಲ್ಲ.

ಯಾರೋ ಕೇಳಿಯೇ ಬಿಟ್ಟರು, ನಮ್ಮಲ್ಲೂ ಮಹಾಲಯ ಅಮಾವಾಸ್ಯೆಗೆ ಹಿರಿಯರ ಫೋಟೊ ಮುಂದೆ ಅವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುತ್ತೇವಲ್ಲ, ಅದನ್ನೇ ಮಾಡಬಾರದಾ ಅಂತ. ಅಲ್ಲಿಂದ ಮಾತು ದಿಕ್ಕು ಬದಲಿಸಿತು. ಆಗ ತೋರಿಸಿದ ಸ್ಲೈಡ್ ಅಮಾಲಿಯಾ ಮೇಸಾ ಬೇನ್ಸ್ ಅವರದು. ಡೊಲೊರೆಸ್ ಡೆಲ್ ರಿಯೊ ಅನ್ನುವ ಮೆಕ್ಸಿಕೊದ ಚಿತ್ರನಟಿಗೆ 1984ರಲ್ಲಿ ಮಾಡಿದ ಎಡೆ. ಬಟ್ಟೆ, ಹೂ, ಹಳೆ ಫೋಟೊಗಳು, ಸಣ್ಣಪುಟ್ಟ ಸಾಮಾನು, ಮನೆಯ ಹೆಂಗಸರು ದೇವರ ಮೂಲೆ ಕಟ್ಟುವ ಪದ್ಧತಿಯಲ್ಲೇ ಕಟ್ಟಿದ್ದು. ಈಗ ಅದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಕಲಾ ಸಂಗ್ರಹಾಲಯದಲ್ಲಿದೆ. ಅಜ್ಜಿ ಮಾಡುತ್ತಿದ್ದ ಕೆಲಸವನ್ನೇ ತಂದು ಗ್ಯಾಲರಿಯಲ್ಲಿಟ್ಟರೆ ಕಲೆಯಾ ಅಂತ ಒಬ್ಬರು ಮೂಗು ಮುರಿದರು. ನನ್ನ ಕೇಳಿದರೆ ಆಗುತ್ತದೆ. ಅಜ್ಜಿ ಇಡುವಾಗಲೂ ಅದು ಚಂದವೇ ಇತ್ತು, ನೋಡುವವರು ಇರಲಿಲ್ಲ ಅಷ್ಟೇ.

ಭಾನುವಾರ ನಿಜವಾದ ಕೆಲಸ. ನಕಲು ಬೇಡ, ನಿಮ್ಮ ಮನೆ, ನಿಮ್ಮ ಹೊಲ, ನಿಮ್ಮ ಓಣಿಯ ಮಾತು ಹಾಕಿ ಅಂದರು. ಮುಂದೆ ಇಟ್ಟದ್ದು ಎಸ್ತೆರ್ ಎರ್ನಾಂಡೆಸ್ ಅವರ 1982ರ ಸ್ಕ್ರೀನ್ ಪ್ರಿಂಟ್, ಸನ್ ಮ್ಯಾಡ್. ಅಮೆರಿಕದಲ್ಲಿ ಸನ್ ಮೇಡ್ ಅಂತ ಒಣದ್ರಾಕ್ಷಿ ಡಬ್ಬಿ ಬರುತ್ತದೆ. ಅದರ ಮೇಲೆ ಕೆಂಪು ಟೊಪ್ಪಿಗೆಯ ನಗುವ ಹುಡುಗಿ, ಕೈಯಲ್ಲಿ ದ್ರಾಕ್ಷಿ ಬುಟ್ಟಿ, ಹಿಂದೆ ಹಳದಿ ಸೂರ್ಯ. ಎಸ್ತೆರ್ ಎಲ್ಲವನ್ನೂ ಹಾಗೇ ಇಟ್ಟು ಹುಡುಗಿಯನ್ನು ಮಾತ್ರ ಅಸ್ಥಿಪಂಜರ ಮಾಡಿದರು. ಕೆಳಗೆ ಡಬ್ಬಿಯ ಮೇಲಿನ ಬರಹದ ಶೈಲಿಯಲ್ಲೇ ಕೀಟನಾಶಕ, ನುಸಿನಾಶಕ, ಕಳೆನಾಶಕ, ಶಿಲೀಂಧ್ರನಾಶಕ ಹಾಕಿ ಬೆಳೆದದ್ದು ಅಂತ ಬರೆದರು. ಅವರು ಅದೇ ದ್ರಾಕ್ಷಿ ನಾಡಿನ ಕೂಲಿ ಕುಟುಂಬದವರು. ತಮ್ಮ ಊರಿನ ಕುಡಿಯುವ ನೀರಿಗೆ ಈ ವಿಷ ಸೇರಿದೆ ಅಂತ ಗೊತ್ತಾದ ಮೇಲೆ ಮಾಡಿದ ಚಿತ್ರ. ಎಲ್ಲೂ ಕಿರುಚಾಟ ಇಲ್ಲ. ದೂರದಿಂದ ನೋಡಿದರೆ ಅಂಗಡಿ ಜಾಹೀರಾತು, ಹತ್ತಿರ ಬಂದರೆ ಹಲ್ಲು ಕಿರಿಯುವ ಬುರುಡೆ. ಹಿಂದಿನ ದಿನದ ನಮ್ಮ ಗುಲಾಬಿ ಬುರುಡೆ ಎಷ್ಟು ಪೊಳ್ಳು ಅಂತ ಆಗ ತಿಳಿಯಿತು.

ಬ್ಯಾಡಗಿ ಕಡೆಯ ಹುಡುಗನೊಬ್ಬ ಆ ಪ್ರಿಂಟನ್ನು ತುಂಬ ಹೊತ್ತು ನೋಡಿ "ಇದು ನಮ್ಮ ಮೆಣಸಿನಕಾಯಿ ಹೊಲಾನ ಐತಿ" ಅಂದ. ಅವನ ಪೋಸ್ಟರ್‌ನಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುವ ಮನುಷ್ಯ. ಮುಖಕ್ಕೆ ಟವೆಲ್ ಸುತ್ತಿದೆ, ಕಾಲಲ್ಲಿ ಚಪ್ಪಲಿ ಇಲ್ಲ. ಪಂಪಿನ ಕೊಳವೆಯ ತುದಿಯಿಂದ ಹನಿಗಳ ಬದಲು ಸುಕ್ಕುಸುಕ್ಕಾದ ಕೆಂಪು ಬ್ಯಾಡಗಿ ಮೆಣಸಿನಕಾಯಿಗಳು ಉದುರುತ್ತವೆ. ಎರಡೇ ಬಣ್ಣ, ಕಪ್ಪು ಮತ್ತು ಕೆಂಪು. ಎರಡನೇ ಬಣ್ಣ ಒತ್ತುವಾಗ ಕಾಗದ ಸ್ವಲ್ಪ ಸರಿದು ಮೆಣಸಿನಕಾಯಿಗಳು ಗೆರೆಯಿಂದ ಹೊರಗೆ ಬಂದವು, ಅದೂ ಚೆನ್ನಾಗೇ ಕಂಡಿತು. ಆ ಬ್ಯಾಚಿನಲ್ಲಿ ಅದಕ್ಕಿಂತ ಒಳ್ಳೆಯದು ಯಾರೂ ಮಾಡಲಿಲ್ಲ. ಅಂದಹಾಗೆ ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದದ್ದೇ ಅಮೆರಿಕ ಖಂಡದಿಂದ, ಪೋರ್ಚುಗೀಸರ ಹಡಗಿನಲ್ಲಿ. ಹಾವೇರಿಯ ಗೋವಿನಜೋಳದ ಮೂಲವೂ ಮೆಕ್ಸಿಕೊ. ಇದನ್ನು ಕಾರ್ಯಾಗಾರದಲ್ಲಿ ಯಾರೂ ಎತ್ತಲಿಲ್ಲ, ಎತ್ತಬೇಕಿತ್ತು.

ಈಗ ದೊಡ್ಡ ದೂರು. ಕೀಟನಾಶಕದ ಪೋಸ್ಟರ್ ಬಗ್ಗೆ ಅಷ್ಟು ಮಾತಾಡಿದವರು, ಬಣ್ಣಕ್ಕೆ ಥಿನ್ನರ್ ಹಾಕಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ನಮ್ಮನ್ನು ಮಧ್ಯಾಹ್ನವಿಡೀ ಕೂರಿಸಿದರು. ಧೂಳು ಬಂದು ಪ್ರಿಂಟಿಗೆ ಅಂಟುತ್ತದೆ ಅಂತ ಕಾರಣ. ಮೂರು ಗಂಟೆ ಹೊತ್ತಿಗೆ ತಲೆ ಸಿಡಿಯತೊಡಗಿತು, ಇಬ್ಬರು ಹೊರಗೆ ಹೋಗಿ ಕಟ್ಟೆ ಮೇಲೆ ಕೂತರು. ನೀರಿನ ಬಣ್ಣ ಸಿಗುತ್ತದೆ, ಕಾಗದಕ್ಕೆ ಅದು ಧಾರಾಳ ಸಾಕು. ಎಕ್ಸಾಸ್ಟ್ ಫ್ಯಾನ್ ಒಂದು ಹಾಕಿಸಿದರೆ ಏನು ಮುಳುಗುತ್ತದೆ? ಹೇಳಿದಾಗ ಮುಂದಿನ ಬ್ಯಾಚಿಗೆ ನೋಡೋಣ ಅಂದರು. ನೋಡಲಿ.

ಇನ್ನೊಂದು, ಕೊಟ್ಟ ಪುಸ್ತಿಕೆ ಪೂರ್ತಿ ಇಂಗ್ಲಿಷ್. ಕಲಿಯಲು ಬಂದವರಲ್ಲಿ ಜಾಸ್ತಿ ಜನ ಕನ್ನಡ ಮಾಧ್ಯಮದವರು, ಕಾಕಾನೂ ಅದನ್ನು ಓದಲಾರರು. ಮುಖಪುಟದಲ್ಲಿ ಲ್ಯಾಟಿನೊ ಕಲೆ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಎಲ್ಲರ ಕಲೆ ಅಂತ ದೊಡ್ಡದಾಗಿದೆ, ಒಳಗೆ ಪೋರ್ಟೊ ರಿಕೊದವರಿಗೆ ಸಿಕ್ಕದ್ದು ಒಂದೇ ಸ್ಲೈಡು, ನ್ಯೂಯಾರ್ಕಿನ ಎಲ್ ಮ್ಯೂಸಿಯೊ ದೆಲ್ ಬಾರಿಯೊ ಅನ್ನುವ ಸಂಗ್ರಹಾಲಯ 1969ರಲ್ಲಿ ಶುರುವಾಯಿತು ಅನ್ನುವಷ್ಟು. ಕ್ಯೂಬಾದವರಿಗೆ ಅದೂ ಇಲ್ಲ.

ಕೊನೆಯ ಸ್ಲೈಡ್ ಯೊಲಾಂಡಾ ಲೋಪೆಸ್ ಅವರ 1978ರ ಮೂರು ಚಿತ್ರಗಳು. ಗ್ವಾಡಲೂಪೆ ಮಾತೆ ಮೆಕ್ಸಿಕೊದವರ ಮನೆಮನೆಯ ದೇವತೆ. ಅವಳ ಸುತ್ತ ಇರುವ ಬೆಳಕಿನ ಕಿರಣ, ನಕ್ಷತ್ರದ ಸೆರಗು ಎಲ್ಲವನ್ನೂ ತೆಗೆದುಕೊಂಡು, ಅವಳ ಜಾಗದಲ್ಲಿ ಕಲಾವಿದೆ ಒಂದರಲ್ಲಿ ತನ್ನನ್ನು ಬರೆದುಕೊಂಡಿದ್ದಾರೆ, ಕಾಲಿಗೆ ಬೂಟು ಹಾಕಿಕೊಂಡು ಓಡಿ ಬರುವ ಹಾಗೆ. ಇನ್ನೊಂದರಲ್ಲಿ ಅಮ್ಮ, ಹೊಲಿಗೆ ಯಂತ್ರದ ಮುಂದೆ ಕೂತು ಆ ನಕ್ಷತ್ರದ ಸೆರಗನ್ನೇ ಹೊಲಿಯುತ್ತಿದ್ದಾಳೆ. ಮೂರನೆಯದರಲ್ಲಿ ಅಜ್ಜಿ. ನನಗೆ ಅಮ್ಮನದು ಬಹಳ ಹಿಡಿಸಿತು, ದಪ್ಪ ಕನ್ನಡಕ, ದಣಿದ ಭುಜ, ಸುತ್ತ ದೇವಿಯ ಪ್ರಭೆ. ಒಬ್ಬ ಹುಡುಗಿ "ನಾನು ನಮ್ಮವ್ವನ್ನ ಎಲ್ಲಮ್ಮನ ಥರಾ ಬರೀಲಾ ಸರ್" ಅಂದಳು. ಕೋಣೆಯೆಲ್ಲ ಗಪ್ಪಾಯಿತು. ಕಲಿಸುವ ಹುಡುಗ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕೊನೆಗೆ ಅವಳು ಅವ್ವನನ್ನು ಬರೀ ಅವ್ವನಾಗಿ ಬರೆದಳು, ತಲೆ ಮೇಲೆ ಮೇವಿನ ಹೊರೆ. ಹೊರೆಯ ಹುಲ್ಲು ಮಾತ್ರ ಕಿರಣಗಳ ಹಾಗೆ ಎಲ್ಲ ಕಡೆ ಚಾಚಿಕೊಂಡಿತ್ತು. ಜಾಣೆ.

ನನ್ನ ಪೋಸ್ಟರ್ ನವಲಗುಂದ, ನರಗುಂದದ್ದು. 1980ರ ಜುಲೈ 21ರಂದು ಕರದ ವಿರುದ್ಧ ಎದ್ದ ರೈತ ಬಂಡಾಯ, ಮಲಪ್ರಭಾ ಕಾಲುವೆ, ಗೋಲಿಬಾರ್, ಎಲ್ಲ ಹಾಕಬೇಕು ಅಂತ ಹೊರಟೆ. ಕಾಕಾ ನೋಡಿ "ಅಷ್ಟೆಲ್ಲಾ ತುಂಬಬ್ಯಾಡ, ಜಾಲರಿ ಕಟ್ಟಿಕೊಂತೈತಿ" ಅಂದರು. ಒಂದು ಒಣ ಕಾಲುವೆ, ಅದರ ಮೇಲೆ ಕರ ವಸೂಲಿಯ ರಸೀದಿ ಅಷ್ಟೇ ಉಳಿಸಿದೆ. ಬಂದದ್ದು ತೀರ ಕೆಟ್ಟದ್ದೇನಲ್ಲ, ಒತ್ತಿದ ಪ್ರತಿಗಳು ಗೆಳೆಯರ ಮನೆಗೆ ಹೋಗಿವೆ.

ಊಟದ ಬಗ್ಗೆ ಎರಡು ಮಾತು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ವಿಷಯಕ್ಕೆ ಹೊಂದಲಿ ಅಂತ ಟಾಕೊ ಗೀಕೊ ಕೊಡಲಿಲ್ಲ, ಬದುಕಿದೆವು.

ಹೋಗುವವರು ಹಳೆ ಬಟ್ಟೆ ಹಾಕಿಕೊಂಡು ಹೋಗಿ, ಬಣ್ಣ ಹೋಗುವುದಿಲ್ಲ. ಮೂರೇ ಟೇಬಲ್ ಇರುವುದರಿಂದ ಬೇಗ ಹೋಗಿ ಬಾಗಿಲ ಹತ್ತಿರದ್ದು ಹಿಡಿಯಿರಿ, ಗಾಳಿ ಅಲ್ಲಷ್ಟೇ ಬರುತ್ತದೆ. ಶನಿವಾರದ ಬುರುಡೆ ಬೇಡ, ನನ್ನದೇ ಚಿತ್ರ ಮಾಡುತ್ತೇನೆ ಅಂತ ಮೊದಲೇ ಹೇಳಿಬಿಡಿ, ಗಟ್ಟಿಯಾಗಿ ಕೇಳಿದರೆ ಬಿಡುತ್ತಾರೆ. ಮಳೆಗಾಲದ ಬ್ಯಾಚಿಗೆ ಮಾತ್ರ ಸೇರಬೇಡಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಎಮಲ್ಷನ್ ಒಣಗುವ ಹೊತ್ತಿಗೆ ಹುಬ್ಬಳ್ಳಿಗೆ ಹೋಗಿ ಬರಬಹುದು.