ಗ್ರಾಹಕ–ಲಿಗ್ಯಾಂಡ್ ದತ್ತಸಂಚಯಗಳು: ದಾವಣಗೆರೆಯ ತರಗತಿಯಿಂದ ಒಂದು ವಿಮರ್ಶೆ

ದಾವಣಗೆರೆಯಲ್ಲಿ ಎಂ.ಫಾರ್ಮಾ ವಿದ್ಯಾರ್ಥಿಗಳಿಗೆ ಔಷಧಶಾಸ್ತ್ರ ಕಲಿಸುವ ನನಗೆ ಪ್ರತಿ ವರ್ಷವೂ ಎದುರಾಗುವ ಮೊದಲ ಪ್ರಶ್ನೆ ಒಂದೇ: ಈ ಅಣು ಜೀವಕೋಶದ ಯಾವ ಗ್ರಾಹಕಕ್ಕೆ (ಸಂಕೇತ ಪಡೆಯುವ ಪ್ರೋಟೀನ್, ಅಂದರೆ ರಿಸೆಪ್ಟರ್) ಅಂಟಿಕೊಳ್ಳುತ್ತದೆ, ಎಷ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ? ಹೀಗೆ ಅಂಟುವ ಅಣುವೇ ಲಿಗ್ಯಾಂಡ್. ವಿಕಿರಣಶೀಲ ಲಿಗ್ಯಾಂಡ್ ಬಳಸಿ ಈ ಹಿಡಿತವನ್ನು ಅಳೆಯುವ ಪ್ರಯೋಗಾಲಯ ನಮ್ಮಲ್ಲಿಲ್ಲ. ಬೇರೆಯವರು ಅಳೆದು ಪ್ರಕಟಿಸಿದ ಅಂಕಿಗಳನ್ನು ಒಂದೆಡೆ ಸೇರಿಸಿ ಉಚಿತವಾಗಿ ಕೊಡುವ ದತ್ತಸಂಚಯಗಳೇ ನಮಗೆ ಆಧಾರ. ಇವುಗಳಲ್ಲಿ ನಾವು ನಿತ್ಯ ಬಳಸುವ ಕೆಲವನ್ನು ಕುರಿತು, ನಮ್ಮಂತಹ ಊರಿನ ಕಾಲೇಜುಗಳಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸ್ಥಾನ ನಾನು ಕೊಡುವುದು ಗೈಡ್ ಟು ಫಾರ್ಮಕಾಲಜಿಗೆ. ಅಂತರರಾಷ್ಟ್ರೀಯ ಔಷಧಶಾಸ್ತ್ರ ಒಕ್ಕೂಟವಾದ ಐಯುಫಾರ್ ಮತ್ತು ಬ್ರಿಟಿಷ್ ಫಾರ್ಮಕಾಲಜಿಕಲ್ ಸೊಸೈಟಿ ಜೊತೆಗೂಡಿ ನಡೆಸುವ ಈ ಸಂಚಯದ ಸಂಪಾದಕರ ತಂಡ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿದೆ. ಗ್ರಾಹಕಗಳ ಹೆಸರಿನ ಗೊಂದಲ ನಿವಾರಿಸಲು ಐಯುಫಾರ್ 1987ರಲ್ಲಿ ನೇಮಿಸಿದ ಸಮಿತಿಯ ಕೆಲಸವೇ ಇದರ ತಳಹದಿ. ಇದರಲ್ಲಿರುವ ಲಿಗ್ಯಾಂಡ್‌ಗಳು ಹತ್ತು ಸಾವಿರಕ್ಕೂ ಹೆಚ್ಚು. ಇತರ ಸಂಚಯಗಳಿಗೆ ಹೋಲಿಸಿದರೆ ಇದು ಸಣ್ಣ ಸಂಖ್ಯೆ. ಆದರೆ ಪ್ರತಿಯೊಂದು ಅಂಕಿಯನ್ನೂ ವಿಷಯ ಬಲ್ಲವರು ಮೂಲ ಪ್ರಬಂಧ ಓದಿ ಆರಿಸಿರುತ್ತಾರೆ. ಬೀಟಾ–2 ಅಡ್ರಿನರ್ಜಿಕ್ ಗ್ರಾಹಕದ ಪುಟ ತೆರೆದರೆ, ದೇಹವೇ ತಯಾರಿಸುವ ಲಿಗ್ಯಾಂಡ್‌ಗಳ ಪೈಕಿ ನಾರ್‌ಅಡ್ರಿನಲಿನ್‌ಗಿಂತ ಅಡ್ರಿನಲಿನ್ ಹೆಚ್ಚು ಪ್ರಬಲವೆಂಬುದು, ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಅದನ್ನು ಪ್ರಚೋದಿಸುತ್ತದೆಂಬುದು, ಪ್ರೊಪ್ರನೊಲಾಲ್ ಅದನ್ನು ತಡೆಯುತ್ತದೆಂಬುದು ಎಲ್ಲವೂ ಪ್ರಾಣಿಪ್ರಭೇದ ಮತ್ತು ಮೂಲ ಪ್ರಬಂಧದ ಕೊಂಡಿಯೊಂದಿಗೆ ಕಾಣುತ್ತದೆ. ಪಠ್ಯಪುಸ್ತಕದ ಒಂದು ವಾಕ್ಯ ಎಲ್ಲಿಂದ ಬಂತೆಂದು ವಿದ್ಯಾರ್ಥಿ ಸ್ವತಃ ಹಿಂದೆ ನಡೆದು ನೋಡಬಹುದಾದ ಈ ಅನುಕೂಲ ನಾನು ಕಲಿಯುವ ಕಾಲದಲ್ಲಿ ನಮಗಿರಲಿಲ್ಲ.

ಹೀಗೆ ಮೂಲದವರೆಗೆ ಹಿಂದೆ ನಡೆಯುವುದು ಏಕೆ ಮುಖ್ಯ ಎಂಬುದನ್ನು ನಾವು ನಷ್ಟ ಅನುಭವಿಸಿಯೇ ಅರಿತೆವು. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬ ಒಂದು ದೊಡ್ಡ ಸಂಚಯದಿಂದ ನೂರಾರು ಅಣುಗಳ ಅಂಕಿಗಳನ್ನು ಇಳಿಸಿಕೊಂಡು, ಐಸಿ50 ಮತ್ತು ಕೆಐ ಎಂಬ ಎರಡು ಬಗೆಯ ಅಳತೆಗಳನ್ನು ಬೇರ್ಪಡಿಸದೆ ಗಣಕ ಮಾದರಿಯೊಂದನ್ನು ಕಟ್ಟಿದ. ತಿಂಗಳುಗಟ್ಟಲೆ ಮಾಡಿದ ಕೆಲಸವನ್ನು ಬದಿಗಿಟ್ಟು ಮತ್ತೆ ಆರಂಭಿಸಬೇಕಾಯಿತು. ಆರಂಭದಲ್ಲೇ ನೋಡದೆ ಬಿಟ್ಟ ತಪ್ಪು ನನ್ನದು. ಗ್ರಾಹಕಕ್ಕೆ ಅಂಟಿದ ವಿಕಿರಣಶೀಲ ಲಿಗ್ಯಾಂಡ್‌ನಲ್ಲಿ ಅರ್ಧದಷ್ಟನ್ನು ಹೊರದೂಡಲು ಬೇಕಾಗುವ ಸಾಂದ್ರತೆಯೇ ಐಸಿ50. ನಳಿಕೆಯಲ್ಲಿ ಆ ಲಿಗ್ಯಾಂಡ್ ಹೆಚ್ಚು ಇದ್ದಷ್ಟೂ ಐಸಿ50 ಏರುತ್ತದೆ, ಅಣು ಮಾತ್ರ ಅದೇ ಇರುತ್ತದೆ. ನಮ್ಮ ಎಪಿಎಂಸಿಗೆ ಬರುವ ಮೆಕ್ಕೆಜೋಳದ ಉದಾಹರಣೆಯನ್ನು ನಾನು ತರಗತಿಯಲ್ಲಿ ಕೊಡುತ್ತೇನೆ: ತೇವಾಂಶ ನೋಡದೆ ಎರಡು ರಾಶಿಗಳ ತೂಕ ಹೋಲಿಸಿದರೆ ಹಸಿ ಕಾಳಿನ ನೀರನ್ನೂ ಜೋಳವೆಂದೇ ಎಣಿಸಿದಂತಾಗುತ್ತದೆ. ಆ ನೀರನ್ನು ಕಳೆಯುವ ಲೆಕ್ಕವನ್ನು 1973ರಲ್ಲಿ ಚೆಂಗ್ ಮತ್ತು ಪ್ರುಸಾಫ್ ಕೊಟ್ಟರು. ಅದರಿಂದ ಸಿಗುವ ಕೆಐ ಅಣುವಿನ ಸ್ವಂತ ಹಿಡಿತದ ಅಳತೆ, ಕಡಿಮೆಯಾದಷ್ಟೂ ಹಿಡಿತ ಬಿಗಿ. ವಿಕಿರಣಶೀಲ ಲಿಗ್ಯಾಂಡ್‌ನ ಸಾಂದ್ರತೆ ಅದರ ಕೆಡಿ ಮೌಲ್ಯಕ್ಕೆ (ಅರ್ಧದಷ್ಟು ಗ್ರಾಹಕಗಳನ್ನು ತುಂಬುವ ಸಾಂದ್ರತೆಗೆ) ಸಮನಾಗಿದ್ದರೆ ಕೆಐ ಐಸಿ50ಯ ಅರ್ಧ. ಒಂಬತ್ತು ಪಟ್ಟಿದ್ದರೆ ಹತ್ತನೇ ಒಂದು ಭಾಗ. ಗೈಡ್ ಪ್ರತಿ ಅಂಕಿಯ ಪಕ್ಕದಲ್ಲೇ ಅದು ಪಿಕೆಐ ಮೌಲ್ಯವೋ ಪಿಐಸಿ50 ಮೌಲ್ಯವೋ (ಕೆಐ, ಐಸಿ50ಗಳನ್ನು ಲಘುಗಣಕದಲ್ಲಿ, ಅಂದರೆ ಲಾಗರಿದಮ್‌ನಲ್ಲಿ ಬರೆದ ರೂಪಗಳು) ಎಂದು ನಮೂದಿಸುವುದರಿಂದ ಹೊಸಬರೂ ಎಡವುವ ಸಂಭವ ಕಡಿಮೆ.

ಪ್ರಾಣಿಪ್ರಭೇದದ ವಿಷಯ ಇದಕ್ಕಿಂತಲೂ ಗಂಭೀರ. ಮನುಷ್ಯನ ಸಿರೊಟೋನಿನ್ 1ಬಿ ಗ್ರಾಹಕದ 355ನೇ ಸ್ಥಾನದಲ್ಲಿ ಥ್ರಿಯೋನಿನ್ ಇದೆ, ಇಲಿಯದರಲ್ಲಿ ಅದಕ್ಕೆ ಸರಿಹೊಂದುವ ಸ್ಥಾನದಲ್ಲಿ ಅಸ್ಪರಜಿನ್ ಇದೆ. ಈ ಒಂದೇ ಅಮೈನೊ ಆಮ್ಲದ ವ್ಯತ್ಯಾಸದಿಂದ ಪಿಂಡೊಲಾಲ್, ಪ್ರೊಪ್ರನೊಲಾಲ್ ಔಷಧಗಳು ಇಲಿಯ ಗ್ರಾಹಕಕ್ಕೆ ಬಿಗಿಯಾಗಿ, ಮನುಷ್ಯನದಕ್ಕೆ ಸಡಿಲವಾಗಿ ಅಂಟುತ್ತವೆ. ಪ್ರಭೇದದ ಕಾಲಂ ಓದದೆ ಅಂಕಿ ಎತ್ತಿಕೊಂಡವರು ಇಲಿಗೆ ಔಷಧ ಹುಡುಕಿದಂತೆ.

ಕೆಂಬಲ್ (ChEMBL) ಎಂಬ ಸಂಚಯ ಬೇರೆಯೇ ಬಗೆಯದು. ಇಂಗ್ಲೆಂಡಿನ ಹಿಂಕ್ಸ್‌ಟನ್‌ನಲ್ಲಿರುವ ಯುರೋಪಿಯನ್ ಬಯೋಇನ್ಫರ್ಮ್ಯಾಟಿಕ್ಸ್ ಇನ್‌ಸ್ಟಿಟ್ಯೂಟ್ ನಿರ್ವಹಿಸುವ ಇದರಲ್ಲಿ 20 ಲಕ್ಷಕ್ಕೂ ಹೆಚ್ಚು ಸಂಯುಕ್ತಗಳಿವೆ. ಗೈಡ್‌ನಲ್ಲಿ ಸಿಗದ ಅಣು ಇಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಒಂದು ಅಣು ನಾವು ಬಯಸದ ಯಾವ ಗ್ರಾಹಕಗಳಿಗೆ ಅಂಟುತ್ತದೆ ಎಂಬ ಸುಳಿವೂ ಇಲ್ಲಿ ದೊರೆಯುತ್ತದೆ. ತೂಕ ಇಳಿಸಲು ಕೊಡುತ್ತಿದ್ದ ಫೆನ್‌ಫ್ಲುರಮಿನ್ ಅನ್ನು ಹೃದಯದ ಕವಾಟಗಳಿಗೆ ಹಾನಿಯಾದ ಕಾರಣ 1997ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ದೇಹದಲ್ಲಿ ಅದರಿಂದ ಉಂಟಾಗುವ ನಾರ್‌ಫೆನ್‌ಫ್ಲುರಮಿನ್ ಸಿರೊಟೋನಿನ್ 2ಬಿ ಗ್ರಾಹಕವನ್ನು ಪ್ರಚೋದಿಸುವುದೇ ಕಾರಣವೆಂದು ನಂತರದ ಅಧ್ಯಯನಗಳು ತೋರಿಸಿದವು. ಇಂದು ಹೊಸ ಅಣುವಿನ ಕೆಲಸ ಆರಂಭಿಸುವವರು 2ಬಿ ಸಾಲನ್ನು ಮೊದಲ ದಿನವೇ ನೋಡಬಹುದು, ನೋಡಲೇಬೇಕು. ಆದರೆ ಕೆಂಬಲ್‌ನ ಹರವು ದೊಡ್ಡದಾದ್ದರಿಂದ ಅಳತೆಯ ಬಗೆ, ಪ್ರಭೇದ, ಪ್ರಯೋಗದ ವಿವರಣೆ ಇವುಗಳನ್ನು ಜರಡಿ ಹಿಡಿಯುವ ಹೊಣೆ ಬಳಸುವವರ ಮೇಲಿರುತ್ತದೆ.

ಬೈಂಡಿಂಗ್‌ಡಿಬಿ ಎಂಬ ಮತ್ತೊಂದು ಸಂಚಯವನ್ನು ನಾವು ಹೆಚ್ಚಾಗಿ ಪೇಟೆಂಟ್‌ಗಳಿಂದ ಬಂದ ಅಂಕಿಗಳಿಗಾಗಿ ತೆರೆಯುತ್ತೇವೆ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಜಿಪಿಸಿಆರ್‌ಡಿಬಿ, ಮಾನವ ಜೀನೋಮ್‌ನಲ್ಲಿ ಸುಮಾರು 800ರಷ್ಟಿರುವ ಜಿ–ಪ್ರೋಟೀನ್ ಜೋಡಿತ ಗ್ರಾಹಕಗಳಿಗೆ (ಜೀವಕೋಶದೊಳಗಿನ ಜಿ–ಪ್ರೋಟೀನ್ ಮೂಲಕ ಸಂಕೇತ ದಾಟಿಸುವವು) ಮೀಸಲಾಗಿದ್ದು, ಅವುಗಳ ರಚನೆಯನ್ನು ಅಭ್ಯಸಿಸುವವರಿಗೆ ಉತ್ತಮ.

ಕೊರತೆಯೊಂದನ್ನು ಹೇಳಲೇಬೇಕು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಜಗಳೂರು, ಹೊಳಲ್ಕೆರೆ ಕಡೆಯಿಂದ ಬರುವ ನಮ್ಮ ಮಕ್ಕಳಿಗೆ ಈ ಪುಟಗಳ ಇಂಗ್ಲಿಷ್‌ಗಿಂತ ಲಘುಗಣಕದ ಅಳತೆಯೇ ಹೆಚ್ಚು ಕಷ್ಟವಾಗುತ್ತದೆ, ಆರಂಭಿಕರಿಗೆ ಅದನ್ನು ಬಿಡಿಸಿ ಹೇಳುವ ಸಾಲು ಅಂಕಿಯ ಪಕ್ಕದಲ್ಲೇ ಇಲ್ಲ. ಹಾಗಾಗಿ ಪಿಕೆಐ 9 ಎಂದರೆ 1 ನ್ಯಾನೊಮೋಲಾರ್, 8 ಎಂದರೆ 10, 7 ಎಂದರೆ 100, ಅಂದರೆ ಅಂಕಿ ಒಂದು ಇಳಿದರೆ ಹಿಡಿತ ಹತ್ತು ಪಟ್ಟು ಸಡಿಲ ಎಂದು ಕನ್ನಡದಲ್ಲಿ ಬರೆದ ಹಾಳೆಯೊಂದನ್ನು ನಮ್ಮ ಗಣಕ ಕೊಠಡಿಯ ಗೋಡೆಗೆ ಅಂಟಿಸಿದ್ದೇವೆ. ಈ ವರ್ಷದ ವಿದ್ಯಾರ್ಥಿಗಳು ಅಣುವನ್ನು ಮೊದಲು ಗೈಡ್‌ನಲ್ಲಿ ಹುಡುಕಿ, ಅಲ್ಲಿ ಸಿಗದಿದ್ದರೆ ಮಾತ್ರ ಕೆಂಬಲ್‌ಗೆ ಹೋಗಿ, ಪ್ರತಿ ಅಂಕಿಯ ಮುಂದೆ ಪ್ರಭೇದ, ಅಳತೆಯ ಬಗೆ ಮತ್ತು ಮೂಲ ಪ್ರಬಂಧ ಬರೆದುಕೊಳ್ಳುತ್ತಿದ್ದಾರೆ.