ಟಿವಿಯಲ್ಲಿ ಪಿಸಿ ಗೇಮ್ ಸ್ಟಕ್ ಆಗುತ್ತದೆಂದು ರೌಟರ್ ಬದಲಿಸಲು ಹೊರಟವರು ಓದಿ

ಮಾಳಿಗೆಯ ಕೋಣೆಯಲ್ಲಿರುವ ಪಿಸಿಯ ಗೇಮನ್ನು ಕೆಳಗೆ ಚಾವಡಿಯ ಟಿವಿಯಲ್ಲಿ ಆಡಬೇಕು, ಆದರೆ ಚಿತ್ರ ತಡೆತಡೆದು ಬರುತ್ತದೆ ಎಂದು ಪೇಟೆಯಲ್ಲಿ ಕೇಳಿ ನೋಡಿ. ಕಾಸರಗೋಡಾಗಲಿ ಕುಂಬಳೆಯಾಗಲಿ, ಉತ್ತರ ಹೆಚ್ಚುಕಮ್ಮಿ ಒಂದೇ: ‘ನೆಟ್ ಸ್ಪೀಡ್ ಸಾಲದು, ದೊಡ್ಡ ಪ್ಲಾನ್ ಹಾಕಿಸಿ.’ ನಂಬಬೇಡಿ. ಮನೆಯೊಳಗಿನ ಸ್ಟ್ರೀಮಿಂಗ್‌ನಲ್ಲಿ ಚಿತ್ರ ಪಿಸಿಯಿಂದ ರೌಟರಿಗೆ, ರೌಟರಿನಿಂದ ಟಿವಿಗೆ ಹೋಗುತ್ತದೆ, ಅಷ್ಟೆ. ಹೊರಗಿನ ಲೈನಿಗೂ ಅದಕ್ಕೂ ಸಂಬಂಧವಿಲ್ಲ. ಕೇಬಲ್‌ನವರ ಫೈಬರ್ ತುಂಡಾದ ದಿನವೂ ಪಿಸಿಯಿಂದ ಚಿತ್ರ ಕಳುಹಿಸುವ ಸನ್‌ಶೈನ್, ಟಿವಿಯಲ್ಲಿ ಅದನ್ನು ತೋರಿಸುವ ಮೂನ್‌ಲೈಟ್, ಈ ಎರಡು ಆಪ್‌ಗಳ ಜೋಡಿ ಓಡುತ್ತದೆ.

ಬದಿಯಡ್ಕ ಕಡೆಯ ಒಂದು ಮನೆಯವರು ಈ ಸಲಹೆಯ ಬೆನ್ನು ಹಿಡಿದು ಹೋದರು. ಮೊದಲು 300 ಎಂಬಿಪಿಎಸ್ ಪ್ಲಾನ್ ಆಯಿತು, ಏನೂ ಬದಲಾಗಲಿಲ್ಲ. ಆಮೇಲೆ ನಾಲ್ಕು ಆಂಟೆನಾದ ‘ಗೇಮಿಂಗ್ ರೌಟರ್’ ಬಂತು, ಅದು ಬಂದ ಮೇಲೆ ಟಿವಿಗೆ ಪಿಸಿ ಕಾಣಿಸುವುದೇ ನಿಂತಿತು. ಅಂಗಡಿಯ ಹುಡುಗ ಬಂದು ವಿಂಡೋಸ್ ಫೈರ್‌ವಾಲ್ ಆಫ್ ಮಾಡಿ, ರೌಟರಿನಲ್ಲಿ ಡಿಎಂಝಡ್ ಎಂಬ ಆಯ್ಕೆ ಆನ್ ಮಾಡಿ ಹೋದ. ದೋಷ ಇದ್ದದ್ದು ಅದೇ ಅಂಗಡಿಯವರು ಜೋಡಿಸಿಕೊಟ್ಟ ಪಿಸಿಯ ಒಳಗೆ: ಆ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ವಿಡಿಯೋ ಎನ್‌ಕೋಡರ್, ಅಂದರೆ ಚಿತ್ರವನ್ನು ಕುಗ್ಗಿಸಿ ಕಳುಹಿಸಲು ಸಿದ್ಧಮಾಡುವ ಭಾಗ, ಇರಲೇ ಇಲ್ಲ.

ಹಣ ಬಿಚ್ಚುವ ಮೊದಲು ಮೂರು ಅಂಕೆ ನೋಡಿಕೊಳ್ಳಿ. ಆಂಡ್ರಾಯ್ಡ್ ಟಿವಿಯ ಮೂನ್‌ಲೈಟ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಪರ್ಫಾರ್ಮೆನ್ಸ್ ಓವರ್‌ಲೇಗೆ ಟಿಕ್ ಹಾಕಬೇಕು. ಲ್ಯಾಪ್‌ಟಾಪ್‌ನಲ್ಲಾದರೆ ಕಂಟ್ರೋಲ್, ಆಲ್ಟ್, ಶಿಫ್ಟ್ ಒತ್ತಿ ಹಿಡಿದು ಎಸ್ ಒತ್ತಿದರೆ ಸಾಕು. ಹೋಸ್ಟ್ ಪ್ರಾಸೆಸಿಂಗ್ ಎಂದರೆ ಪಿಸಿ ಒಂದು ಫ್ರೇಮನ್ನು ಹಿಡಿದು ಎನ್‌ಕೋಡ್ ಮಾಡಲು ತೆಗೆದುಕೊಂಡ ಸಮಯ. 60 ಫ್ರೇಮ್ ಬರಬೇಕಾದರೆ ಒಂದೊಂದಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ಈ ಅಂಕೆ ಅದರ ಹತ್ತಿರ ಹೋದರೆ ತಪ್ಪು ಪಿಸಿಯದ್ದು. ನೆಟ್‌ವರ್ಕ್‌ನಿಂದ ಬಿದ್ದ ಫ್ರೇಮ್‌ಗಳ ಶೇಕಡಾ ಸೊನ್ನೆಯಲ್ಲಿ ನಿಲ್ಲದೆ ಏರುತ್ತಿದ್ದರೆ ವೈಫೈಯನ್ನೋ ಕೇಬಲನ್ನೋ ಹಿಡಿಯಿರಿ. ಡಿಕೋಡ್ ಸಮಯ, ಅಂದರೆ ಬಂದ ಚಿತ್ರವನ್ನು ಟಿವಿ ಬಿಚ್ಚಿಕೊಳ್ಳುವ ಸಮಯ, 16 ದಾಟಿದರೆ ಟಿವಿಗೇ ತಾಕತ್ತಿಲ್ಲ, ಅಲ್ಲಿ ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸುವುದೇ ದಾರಿ. ಮೂರೂ ಅಂಕೆ ಚೆನ್ನಾಗಿದ್ದು ಬಟನ್ ಒತ್ತಿದ್ದು ಮಾತ್ರ ತಡವಾಗಿ ತಾಗುತ್ತಿದ್ದರೆ ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಆನ್ ಮಾಡಿ. ಚಲನೆಯನ್ನು ನುಣುಪು ಮಾಡುವ ಮೋಷನ್ ಆಯ್ಕೆ ತಂದಿಡುವ ತಡ ಈ ಯಾವ ಅಂಕೆಯಲ್ಲೂ ಕಾಣುವುದಿಲ್ಲ, ಬೈಗುಳ ಮಾತ್ರ ಕಂಟ್ರೋಲರಿಗೆ.

ಈಗ ಎನ್‌ಕೋಡರ್ ವಿಷಯ. ಹೊಸ ಪಿಸಿ ಕಟ್ಟಿಸುವವರು ಮೋಸ ಹೋಗುವುದು ಇಲ್ಲೇ. ಎಎಮ್‌ಡಿಯ ಆರ್‌ಎಕ್ಸ್ 6400, ಆರ್‌ಎಕ್ಸ್ 6500 ಎಕ್ಸ್‌ಟಿ, ಎನ್ವಿಡಿಯಾದ ಜಿಟಿ 1030: ಈ ಮೂರರಲ್ಲೂ ಹಾರ್ಡ್‌ವೇರ್ ಎನ್‌ಕೋಡರ್ ಇಲ್ಲ. ಕೂತಲ್ಲೇ ಮಾನಿಟರಿನಲ್ಲಿ ಆಡುವವರಿಗೆ ಇದರಿಂದ ಏನೂ ತೊಂದರೆಯಿಲ್ಲ, ಆದ್ದರಿಂದ ಅಂಗಡಿಯವರು ಹೇಳುವುದೂ ಇಲ್ಲ. ಜೊತೆಗೆ ಅಗ್ಗಕ್ಕೆ ಸಿಗುತ್ತದೆಂದು ಇಂಟೆಲ್‌ನ ಐ5-12400ಎಫ್‌ನಂಥ ಪ್ರೊಸೆಸರ್ ಹಾಕಿದರೆ ಕತೆ ಮುಗಿಯಿತು. ಕೊನೆಯ ‘ಎಫ್’ ಇದ್ದರೆ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಇಲ್ಲ, ಅದರ ಜೊತೆ ಬರುವ ಕ್ವಿಕ್‌ಸಿಂಕ್ ಎನ್‌ಕೋಡರೂ ಇಲ್ಲ. ಆಗ ಎನ್‌ಕೋಡಿಂಗ್ ಕೆಲಸವೆಲ್ಲ ಗೇಮ್ ಓಡಿಸುತ್ತಿರುವ ಅದೇ ಕೋರ್‌ಗಳ ತಲೆಗೆ ಬೀಳುತ್ತದೆ.

ಪತ್ತೆ ಸುಲಭ. ಪಿಸಿಯ ಬ್ರೌಸರಿನಲ್ಲಿ ಸನ್‌ಶೈನ್ ಪುಟ ತೆರೆಯಿರಿ (ಲೋಕಲ್‌ಹೋಸ್ಟ್, ಪೋರ್ಟ್ 47990), ಟ್ರಬಲ್‌ಶೂಟಿಂಗ್ ವಿಭಾಗದ ಲಾಗ್‌ನಲ್ಲಿ ಎನ್‌ಕೋಡರ್ ಹೆಸರು ಹುಡುಕಿ. ಎನ್‌ವಿಎನ್‌ಕ್, ಎಎಮ್‌ಎಫ್, ಕ್ವಿಕ್‌ಸಿಂಕ್ ಇವುಗಳಲ್ಲಿ ಒಂದಿದ್ದರೆ ಸರಿ. ‘ಲಿಬ್‌ಎಕ್ಸ್264’, ‘ಸಾಫ್ಟ್‌ವೇರ್’ ಎಂದು ಕಂಡರೆ ರೌಟರಿಗೆ ಎಷ್ಟು ಸುರಿದರೂ ಪ್ರಯೋಜನವಿಲ್ಲ. ಇಂಟೆಲ್ ಪ್ರೊಸೆಸರ್ ಆಗಿದ್ದು ‘ಎಫ್’ ಅಲ್ಲದಿದ್ದರೆ ಬಯಾಸ್‌ನಲ್ಲಿ (ಪಿಸಿ ಶುರುವಾಗುವಾಗ ತೆರೆಯುವ ಸೆಟ್ಟಿಂಗ್) ಒಳಗಿನ ಗ್ರಾಫಿಕ್ಸ್ ಆನ್ ಮಾಡಿ, ಮಾನಿಟರಿನ ಎಚ್‌ಡಿಎಂಐ ವಯರನ್ನು ಮದರ್‌ಬೋರ್ಡಿನ ಪೋರ್ಟಿಗೆ ಹಾಕಿ ನೋಡಿ. ಗೇಮಿನ ವೇಗ ತುಸು ಇಳಿದರೂ ಸ್ಟ್ರೀಮ್ ನೇರವಾಗುತ್ತದೆ. ‘ಎಫ್’ ಆಗಿದ್ದರೆ 720, 60 ಫ್ರೇಮ್, 10 ಎಂಬಿಪಿಎಸ್‌ಗೆ ಇಳಿಸಿ ಸುಧಾರಿಸಬೇಕು, ಇಲ್ಲವೇ ಕಾರ್ಡ್ ಬದಲಿಸಬೇಕು.

ಒಳ್ಳೆಯ ಕಾರ್ಡ್ ಇದ್ದೂ ಎಳೆದಾಡಿದರೆ ಗೇಮಿನೊಳಗೆ ಫ್ರೇಮ್ ಮಿತಿಯನ್ನು 60ಕ್ಕೆ ಕಟ್ಟಿ. ಕಾರ್ಡ್ ನೂರಕ್ಕೆ ನೂರು ದುಡಿಯುತ್ತಿದ್ದರೆ ಫ್ರೇಮ್ ಹಿಡಿಯುವ ಕೆಲಸ ಸರದಿಯಲ್ಲಿ ಕಾಯಬೇಕಾಗುತ್ತದೆ. ಮಾನಿಟರ್ ಆಫ್ ಮಾಡಿದ ಕೂಡಲೇ ಟಿವಿಯಲ್ಲಿ ಕಪ್ಪು ಪರದೆ ಬಂದರೆ, ವಿಂಡೋಸ್‌ಗೆ ಹಿಡಿಯಲು ಪರದೆಯೇ ಉಳಿದಿಲ್ಲ ಎಂದರ್ಥ. ಮಾನಿಟರ್ ಇದೆಯೆಂದು ಪಿಸಿಯನ್ನು ನಂಬಿಸುವ ಒಂದು ಎಚ್‌ಡಿಎಂಐ ಡಮ್ಮಿ ಪ್ಲಗ್ ಸಾಕು.

ವೈಫೈಗೆ ನಮ್ಮ ಮನೆಗಳು ಅನುಕೂಲವಲ್ಲ. ಮುರಕಲ್ಲಿನ ದಪ್ಪ ಗೋಡೆ ಎರಡು, ನಡುವೆ ಕಾಂಕ್ರೀಟ್ ಸ್ಲ್ಯಾಬ್. ಅಷ್ಟನ್ನು ದಾಟುವಾಗ 5 ಗಿಗಾಹರ್ಟ್ಸ್ ಸೊರಗುತ್ತದೆ, ಟಿವಿ ಮೆಲ್ಲಗೆ 2.4ಕ್ಕೆ ಜಾರುತ್ತದೆ. ಅದೇ 2.4ರಲ್ಲಿ ಕಂಟ್ರೋಲರಿನ ಬ್ಲೂಟೂತ್ ಕೂಡ ಇರುವುದರಿಂದ ಚಿತ್ರವೂ ಬಟನ್ನೂ ಒಟ್ಟಿಗೆ ಕೈಕೊಡುತ್ತವೆ. ಪಿಸಿ, ಟಿವಿ ಎರಡೂ ವೈಫೈಯಲ್ಲಿದ್ದರೆ ಒಂದೊಂದು ಫ್ರೇಮೂ ಗಾಳಿಯಲ್ಲಿ ಎರಡು ಸಲ ಹಾಯಬೇಕು. ಒಂದಕ್ಕೆ ಮಾತ್ರ ಕೇಬಲ್ ಎಳೆಯಲು ಸಾಧ್ಯವಾದರೆ ಪಿಸಿಗೆ ಎಳೆಯಿರಿ.

ಆ ಕೇಬಲ್‌ನಲ್ಲೂ ಮೋಸವಿದೆ. ‘ಕ್ಯಾಟ್ 6’ ಎಂದು ಅಚ್ಚಾಗಿದ್ದರೂ ಒಳಗೆ ತಾಮ್ರ ಬಳಿದ ಅಲ್ಯುಮಿನಿಯಂ ಇರಬಹುದು. ಒಂದು ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ, ಬೆಳ್ಳಗೆ ಕಂಡರೆ ವಾಪಸು ಕೊಡಿ. ಶುದ್ಧ ತಾಮ್ರದ ಕ್ಯಾಟ್ 5ಇ ಆದರೂ 100 ಮೀಟರ್‌ವರೆಗೆ ಗಿಗಾಬಿಟ್ ಕೊಡುತ್ತದೆ. ತುದಿಗೆ ಪ್ಲಗ್ ಕೂರಿಸಿ ಕ್ರಿಂಪ್ ಆದ ಮೇಲೆ ವಿಂಡೋಸ್‌ನ ಈಥರ್ನೆಟ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ 1000 ಇದೆಯೇ ನೋಡಿ. 100 ಎಂದಿದ್ದರೆ ಎಂಟು ತಂತಿಗಳಲ್ಲಿ ಯಾವುದೋ ಕೂತಿಲ್ಲ, ಇಲ್ಲವೇ ಫೈಬರ್ ಪೆಟ್ಟಿಗೆಯ ಆ ಪೋರ್ಟೇ 100ರದ್ದು. ಕೆಲವದರಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್. ಆದರೂ 1080ಕ್ಕೆ ಬೇಕಾದದ್ದು ಸುಮಾರು 20 ಎಂಬಿಪಿಎಸ್, ಹಾಗಾಗಿ ಟಿವಿಯ ಪೋರ್ಟ್ 100ರದ್ದೆಂದು ಚಿಂತೆ ಬೇಡ. ಕೇಬಲ್ ಗೋಡೆಯ ಹೊರಗಿನಿಂದ ಇಳಿದು ಬಂದಿದ್ದರೆ ತುಲಾಮಾಸದ ಸಂಜೆ ಗುಡುಗು ಕೇಳುವ ಮೊದಲೇ ಎರಡೂ ತುದಿ ಕಿತ್ತಿಡಿ, ಕರೆಂಟಿನ ಪ್ಲಗ್ ಮಾತ್ರ ತೆಗೆದರೆ ಸಾಲದು. ಲ್ಯಾನ್ ಪೋರ್ಟ್ ಸುಟ್ಟ ಮದರ್‌ಬೋರ್ಡಿಗೆ ವಾರಂಟಿಯವರು ಮುಖ ತಿರುಗಿಸುತ್ತಾರೆ.

ಹೊಸ ರೌಟರ್ ಹಾಕಿದ ಮೇಲೆ ಪಿಸಿ ಕಾಣೆಯಾಗುವುದು ಯಾಕೆ? ಫೈಬರ್ ಪೆಟ್ಟಿಗೆಯೇ ಒಂದು ರೌಟರ್. ಅದರಿಂದ ಹೊಸದರ ವ್ಯಾನ್ ಪೋರ್ಟಿಗೆ (ಹೊರಗಿನ ಲೈನಿಗೆಂದೇ ಇರುವ ಪೋರ್ಟ್) ವಯರ್ ಹಾಕಿದರೆ ಮನೆಯಲ್ಲಿ ಎರಡು ಬೇರೆ ನೆಟ್‌ವರ್ಕ್ ಆಗುತ್ತದೆ. ಪಿಸಿಯ ವಿಳಾಸ 192.168.1 ಎಂದು, ಟಿವಿಯದ್ದು 192.168.0 ಎಂದು ಶುರುವಾದರೆ ಇದೇ ಕಾರಣ. ಹೊಸ ರೌಟರನ್ನು ಬರೀ ವೈಫೈ ಕೊಡುವ ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ. ಆ ಆಯ್ಕೆ ಇಲ್ಲದಿದ್ದರೆ ಅದರ ವಿಳಾಸವನ್ನು 192.168.1.2 ಮಾಡಿ, ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ವಯರನ್ನು ವ್ಯಾನ್‌ನಿಂದ ತೆಗೆದು ಲ್ಯಾನ್ ಪೋರ್ಟಿಗೆ ಚುಚ್ಚಿ. ಮತ್ತೂ ಕಾಣದಿದ್ದರೆ ವಿಂಡೋಸ್‌ನಲ್ಲಿ ನೆಟ್‌ವರ್ಕ್ ‘ಪಬ್ಲಿಕ್’ ಆಗಿರಬಹುದು, ‘ಪ್ರೈವೇಟ್’ ಮಾಡಿ.

ಡಿಎಂಝಡ್ ಮಾಡಲು ಮಾತ್ರ ಯಾರಿಗೂ ಬಿಡಬೇಡಿ. ಪಿಸಿಯ ಪೋರ್ಟುಗಳನ್ನೆಲ್ಲ ಇಂಟರ್ನೆಟ್ಟಿಗೆ ತೆರೆದಿಡುವ ಕೆಲಸ ಅದು. ಫೈರ್‌ವಾಲೂ ಆಫ್ ಆಗಿದ್ದರೆ ಕೇಳುವುದೇ ಬೇಡ. ಈಗಾಗಲೇ ಮಾಡಿಸಿದ್ದರೆ ಇವತ್ತೇ ತೆಗೆಸಿ, ಫೈರ್‌ವಾಲ್ ಆನ್ ಮಾಡಿ, ಸನ್‌ಶೈನ್ ಮತ್ತು ವಿಂಡೋಸ್ ಪಾಸ್‌ವರ್ಡ್ ಬದಲಿಸಿ.

ಇನ್ನು ಕಂಟ್ರೋಲರ್. ಒಮ್ಮೆ ಒತ್ತಿದರೆ ಮೆನುವಿನಲ್ಲಿ ಎರಡು ಸಾಲು ಹಾರಿದರೆ ಗೇಮಿಗೆ ಎರಡು ಕಂಟ್ರೋಲರ್ ಕಾಣುತ್ತಿದೆ: ಸನ್‌ಶೈನ್ ಮಾಡಿಕೊಟ್ಟದ್ದೊಂದು, ಗೇಮ್ ಓಡಿಸುವ ಸ್ಟೀಮ್ ಆಪ್‌ನೊಳಗಿನ ಸ್ಟೀಮ್ ಇನ್‌ಪುಟ್‌ನದ್ದೊಂದು. ಆ ಗೇಮಿನ ಪ್ರಾಪರ್ಟೀಸ್‌ನಲ್ಲಿ ಸ್ಟೀಮ್ ಇನ್‌ಪುಟ್ ನಿಲ್ಲಿಸಿ. ಚಿತ್ರ ಬಂದು ಯಾವ ಬಟನ್ನೂ ತಾಗದಿದ್ದರೆ ಪಿಸಿಯಲ್ಲಿ ಸನ್‌ಶೈನ್‌ನ ಕಂಟ್ರೋಲರನ್ನು ವಿಂಡೋಸ್‌ಗೆ ತೋರಿಸುವ ವಿಜೆಮ್‌ಬಸ್ ಡ್ರೈವರ್ ಇದೆಯೇ ನೋಡಿ, ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ. ಆಡುತ್ತಿದ್ದ ಹಾಗೆ ಸ್ಟಿಕ್ ತಿರುಗಿಸಿದರೆ ಮೌಸ್ ಬಾಣ ಓಡತೊಡಗಿತೋ, ಕೆಟ್ಟದ್ದೇನೂ ಇಲ್ಲ. ಸ್ಟಾರ್ಟ್ ಬಟನ್ ಒತ್ತಿ ಹಿಡಿದರೆ ಮೂನ್‌ಲೈಟ್ ಮೌಸ್ ಮೋಡಿಗೆ ಹೋಗುತ್ತದೆ, ಇನ್ನೊಮ್ಮೆ ಹಿಡಿದರೆ ವಾಪಸು ಬರುತ್ತದೆ. ಮಕ್ಕಳ ಕೈಯಲ್ಲಿ ದಿನಕ್ಕೊಮ್ಮೆ ಆಗುವುದೇ.

ಯುಎಸ್‌ಬಿ ಡಾಂಗಲ್‌ನ ಪ್ಯಾಡ್ ಆಗಾಗ ಬಿಟ್ಟುಹೋದರೆ ಪಕ್ಕದ ಪೋರ್ಟಿನಲ್ಲಿ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಇದೆಯೇ ಗಮನಿಸಿ. ಅದರ ಗದ್ದಲ 2.4ರ ಪಟ್ಟಿಯಲ್ಲೇ ಬೀಳುತ್ತದೆ. ಒಂದು ಮೀಟರಿನ ಯುಎಸ್‌ಬಿ 2 ಎಕ್ಸ್‌ಟೆನ್ಷನ್ ವಯರಿನಲ್ಲಿ ಡಾಂಗಲನ್ನು ಟಿವಿಯ ಮುಂದಕ್ಕೆ ತನ್ನಿ. ಅಗ್ಗದ ಪ್ಯಾಡಿನಲ್ಲಿ ಕಾರಿನ ಆಕ್ಸಿಲರೇಟರ್ ಪೂರ್ತಿ ಅಥವಾ ಸೊನ್ನೆ ಎಂಬಂತಾದರೆ ಅದು ಎಕ್ಸ್-ಇನ್‌ಪುಟ್ (ಎಕ್ಸ್‌ಬಾಕ್ಸ್ ಪ್ಯಾಡಿನಂತೆ ನಡೆಯುವ ಮೋಡ್) ಬಿಟ್ಟು ಬೇರೆ ಮೋಡಿನಲ್ಲಿದೆ. ಅನೇಕ ಪ್ಯಾಡುಗಳಲ್ಲಿ ನಡುವಿನ ಹೋಮ್ ಬಟನ್ ಕೆಲವು ಸೆಕೆಂಡ್ ಹಿಡಿದರೆ ಮೋಡ್ ಬದಲಾಗುತ್ತದೆ.

ಗಲ್ಫ್‌ನಿಂದ ಬಂದ ಹಳೆಯ ಎಕ್ಸ್‌ಬಾಕ್ಸ್ ಒನ್ ಪ್ಯಾಡ್ ಕೊಳ್ಳುವವರು ಬ್ಯಾಟರಿ ಮುಚ್ಚಳ ತೆಗೆಸಿ ಮಾಡೆಲ್ ನಂಬರ್ ಓದಿ. 1537 ಮತ್ತು 1697ರಲ್ಲಿ ಬ್ಲೂಟೂತ್ ಇಲ್ಲ, ಟಿವಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. 1708 ಆದರೆ ಸಿಗುತ್ತದೆ. ನಂಬರ್ ಅಳಿಸಿಹೋಗಿದ್ದರೆ ಎಕ್ಸ್‌ಬಾಕ್ಸ್ ಬಟನ್ನಿನ ಸುತ್ತಲ ಪ್ಲಾಸ್ಟಿಕ್ ನೋಡಿ: ಮುಂಭಾಗದ ಮೈಯೊಂದಿಗೆ ಒಂದೇ ತುಂಡಾಗಿದ್ದರೆ ಬ್ಲೂಟೂತ್ ಇದ್ದದ್ದು, ಮೇಲಿನ ಹೊಳೆಯುವ ಪಟ್ಟಿಗೆ ಸೇರಿದ್ದರೆ ಇಲ್ಲದ್ದು.